ಗಂಧಕದ ಹರಳು: ಆರಿಸುವುದು, ಪರೀಕ್ಷಿಸುವುದು, ಒಡೆಯದಂತೆ ಇಟ್ಟುಕೊಳ್ಳುವುದು

ಖನಿಜ ಸಂಗ್ರಹಕ್ಕೆ ಹೊಸದಾಗಿ ಕೈ ಹಾಕಿದವರಿಂದ ಗಂಧಕದ ಬಗ್ಗೆ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. "ಚೆನ್ನಾಗಿದ್ದ ಹರಳು ತರಿಸಿಕೊಂಡ ಎರಡೇ ವಾರಕ್ಕೆ ಒಳಗೆಲ್ಲ ಬಿರುಕು ಬಿಟ್ಟಿದೆ, ಮೋಸ ಹೋದೆನಾ?" "ಇಷ್ಟು ಕಡಿಮೆ ಬೆಲೆಗೆ ಸಿಕ್ಕಿದೆ, ಅಸಲಿಯಾ?" "ಬೆಂಕಿ ಹತ್ತುವ ವಸ್ತು ಅಲ್ಲವಾ, ಮನೆಯಲ್ಲಿ ಇಡಬಹುದಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೊದಲನೆಯ ಪ್ರಶ್ನೆಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬಹುಮಟ್ಟಿಗೆ ಮೋಸ ಹೋಗಿಲ್ಲ, ನಿಮ್ಮ ಕೈಯ ಬಿಸಿಯೇ ಅದನ್ನು ಒಡೆದಿರಬಹುದು. ಗಂಧಕವನ್ನು ಕೊಳ್ಳುವುದು ಸುಲಭ. ಕೊಂಡಂತೆಯೇ ಉಳಿಸಿಕೊಳ್ಳುವುದರಲ್ಲೇ ಕಸುಬು ಇರುವುದು.

ಮೊದಲು ಅದರ ಸ್ವಭಾವ ತಿಳಿದುಕೊಳ್ಳಿ

ಈ ಭಾಗವನ್ನು ಹಾರಿಸಬೇಡಿ. ಮುಂದಿನ ಸೂಚನೆಗಳೆಲ್ಲ ಇದರಿಂದಲೇ ಹುಟ್ಟಿದವು.

ಗಂಧಕದ ಹರಳಿನೊಳಗೆ ಎಂಟೆಂಟು ಪರಮಾಣುಗಳು ಕೈಕೈ ಹಿಡಿದು ಉಂಗುರದಂತೆ ಕೂತಿರುತ್ತವೆ. ಉಂಗುರದೊಳಗಿನ ಹಿಡಿತ ಬಿಗಿ, ಆದರೆ ಒಂದು ಉಂಗುರಕ್ಕೂ ಪಕ್ಕದ ಉಂಗುರಕ್ಕೂ ನಡುವಿನ ಹಿಡಿತ ತೀರ ಸಡಿಲ. ಹಾಗಾಗಿ ಅದು ಮೆದು. ಮೋಸ್ ಗಡಸುತನದ ಅಳತೆಯಲ್ಲಿ (ಟಾಲ್ಕ್‌ಗೆ 1, ವಜ್ರಕ್ಕೆ 10 ಅಂಕ ಕೊಡುವ ಪಟ್ಟಿ) ಗಂಧಕಕ್ಕೆ 1.5ರಿಂದ 2.5. ನಿಮ್ಮ ಉಗುರು ಸುಮಾರು 2.5. ಅಂದರೆ ಉಗುರು ತಾಗಿದರೂ ಗೀರು ಬೀಳಬಹುದು. ಕರಗಲು ಸುಮಾರು 115 ಡಿಗ್ರಿ ಸೆಲ್ಸಿಯಸ್ ಸಾಕು. ನೀರಿಗಿಂತ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಭಾರ, ಸಾಂದ್ರತೆ 2.07.

ಎಲ್ಲಕ್ಕಿಂತ ತೊಂದರೆ ಕೊಡುವ ಗುಣ ಶಾಖಕ್ಕೆ ಸಂಬಂಧಿಸಿದ್ದು. ಗಂಧಕದಲ್ಲಿ ಶಾಖ ಬಲು ನಿಧಾನವಾಗಿ ಹರಿಯುತ್ತದೆ, ಆದರೆ ಬಿಸಿ ತಾಗಿದ ಜಾಗ ಮಾತ್ರ ಬೇಗ ಹಿಗ್ಗುತ್ತದೆ. ಅಂಗೈಯಲ್ಲಿ ಹಿಡಿದರೆ ಹೊರಮೈ ಹಿಗ್ಗುತ್ತದೆ, ಒಳಭಾಗ ಇದ್ದಂತೆಯೇ ಇರುತ್ತದೆ. ಈ ಎಳೆದಾಟದಲ್ಲಿ ಹರಳು ಸೀಳುತ್ತದೆ. ಹರಳನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ತಂದರೆ ಚಿಟಚಿಟ ಸದ್ದು ಕೇಳುತ್ತದೆ ಎಂದು ಹಳೆಯ ಪಠ್ಯಗಳಲ್ಲಿ ಮೋಜಿನ ಪ್ರಯೋಗದಂತೆ ಬರೆದಿರುತ್ತಾರೆ. ಕೇಳುವುದು ನಿಜ. ಆದರೆ ಒಂದೊಂದು ಸದ್ದೂ ಒಂದೊಂದು ಹೊಸ ಬಿರುಕು.

ಇಷ್ಟು ರಗಳೆಯ ಕಲ್ಲನ್ನು ಜನ ಯಾಕೆ ಬಯಸುತ್ತಾರೆ? ಬೆಳಕಿನಿಂದಾಗಿ. ಗಂಧಕದ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿ, ದಿಕ್ಕಿಗೆ ತಕ್ಕಂತೆ ಸುಮಾರು 1.96ರಿಂದ 2.25. ಸ್ಫಟಿಕಶಿಲೆಯದು ಸುಮಾರು 1.55, ವಜ್ರದ್ದು 2.42. ಆದ್ದರಿಂದಲೇ ಒಳ್ಳೆಯ ಗಂಧಕದ ಹರಳಿನ ಮುಖಗಳಿಗೆ ರಾಳದ ಹೊಳಪನ್ನೂ ಮೀರಿದ, ವಜ್ರಕ್ಕೆ ಸಮೀಪದ ಮಿನುಗು. ಒಂದೇ ಗೆರೆಯನ್ನು ಎರಡಾಗಿ ತೋರಿಸುವುದಕ್ಕೆ ಕ್ಯಾಲ್ಸೈಟ್ ಹೆಸರುವಾಸಿ. ಗಂಧಕದಲ್ಲಿ ಆ ಗುಣ ಕ್ಯಾಲ್ಸೈಟ್‌ಗಿಂತಲೂ ಹೆಚ್ಚು. ಪಾರದರ್ಶಕ ಹರಳಿನ ಮೂಲಕ ಹಿಂಬದಿಯ ಅಂಚುಗಳನ್ನು ನೋಡಿದರೆ ಎರಡೆರಡಾಗಿ ಕಾಣುತ್ತವೆ.

ಬಣ್ಣಕ್ಕೆ ಹೊರಗಿನ ಕಲಬೆರಕೆ ಬೇಕಿಲ್ಲ, ಹಳದಿ ಅದರ ಸ್ವಂತದ್ದು. ನಿಂಬೆ ಹಳದಿ ಸಾಮಾನ್ಯ. ಟಾರಿನಂಥ ಬಿಟುಮೆನ್ ಸೇರಿದರೆ ಜೇನುಬಣ್ಣ, ಕಂದು. ಸೆಲೆನಿಯಂ ಸೇರಿದರೆ ಕಿತ್ತಳೆ ಛಾಯೆ. ತಣ್ಣಗಾದಷ್ಟೂ ಹಳದಿ ತಿಳಿಯಾಗುತ್ತ ಹೋಗುತ್ತದೆ, ದ್ರವ ಸಾರಜನಕದ ಚಳಿಯಲ್ಲಿ ಗಂಧಕ ಹೆಚ್ಚುಕಡಿಮೆ ಬಿಳಿಯಾಗುತ್ತದೆ. (ಮನೆಯ ಫ್ರೀಜರ್‌ನಲ್ಲಿಟ್ಟು ನೋಡುವ ಆಸೆ ಬೇಡ. ಶಾಖದ ಬಗ್ಗೆ ಮೇಲೆ ಬರೆದ ಪ್ಯಾರಾ ಮತ್ತೊಮ್ಮೆ ಓದಿ.)

ಹಂತ 1: ಯಾವ ಊರಿನ ಗಂಧಕ ಬೇಕು ಎಂದು ತೀರ್ಮಾನಿಸಿ

ಗಂಧಕ ಹುಟ್ಟುವ ದಾರಿ ಮುಖ್ಯವಾಗಿ ಎರಡು. ಯಾವ ದಾರಿಯದು ಎಂಬುದರ ಮೇಲೆ ಅದರ ರೂಪ, ಬೆಲೆ, ಜೊತೆಗಿರುವ ಕಲ್ಲು ಎಲ್ಲವೂ ನಿಂತಿದೆ.

ಒಂದು, ಕೆಸರುಶಿಲೆಯ ದಾರಿ. ಒಣಗಿದ ಹಳೆಯ ಸಮುದ್ರಗಳ ತಳದಲ್ಲಿ ಜಿಪ್ಸಮ್ ಪದರಗಳಿರುತ್ತವೆ. ಅಲ್ಲಿ ಎಣ್ಣೆಯಂಶ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು ಜಿಪ್ಸಮ್‌ನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಬದಲಿಸುತ್ತವೆ. ಆ ಅನಿಲಕ್ಕೆ ಆಮ್ಲಜನಕ ಸಿಕ್ಕಾಗ ಗಂಧಕ ಉಳಿಯುತ್ತದೆ, ಜಿಪ್ಸಮ್ ಇದ್ದ ಜಾಗದಲ್ಲಿ ಸುಣ್ಣಕಲ್ಲು ಕೂರುತ್ತದೆ. ಇದೆಲ್ಲ ನಿಧಾನಕ್ಕೆ, ತಣ್ಣಗೆ, ನೆಲದೊಳಗಿನ ಪೊಟರೆಗಳಲ್ಲಿ ನಡೆಯುವುದರಿಂದ ಹರಳುಗಳಿಗೆ ದಪ್ಪವಾಗಿ ಬೆಳೆಯಲು ಪುರಸೊತ್ತು ಸಿಗುತ್ತದೆ.

ಈ ದಾರಿಯ ರಾಜಧಾನಿ ಇಟಲಿಯ ಸಿಸಿಲಿ ದ್ವೀಪ. ಅಗ್ರಿಜೆಂಟೊ, ಕಾಲ್ಟನಿಸೆಟ್ಟಾ, ಎನ್ನಾ ಪ್ರಾಂತ್ಯಗಳ ಗಣಿಗಳು 19ನೇ ಶತಮಾನದಲ್ಲಿ ಜಗತ್ತಿನ ಬಹುಪಾಲು ಗಂಧಕವನ್ನು ಒದಗಿಸುತ್ತಿದ್ದವು. ಅದುರನ್ನು ಹೊತ್ತು ಮೇಲೆ ತರುತ್ತಿದ್ದವರಲ್ಲಿ 'ಕರೂಸಿ' ಎಂದು ಕರೆಯಲಾಗುತ್ತಿದ್ದ ಪುಟ್ಟ ಹುಡುಗರೂ ಇದ್ದರು. 1894ರಲ್ಲಿ ಹರ್ಮನ್ ಫ್ರಾಶ್ ಅಮೆರಿಕದ ಲೂಸಿಯಾನಾದಲ್ಲಿ ಕುದಿಯುವುದಕ್ಕಿಂತ ಬಿಸಿಯಾದ ನೀರನ್ನು ಕೊಳವೆಯಲ್ಲಿ ನೆಲಕ್ಕಿಳಿಸಿ, ಗಂಧಕವನ್ನು ಅಲ್ಲೇ ಕರಗಿಸಿ ಮೇಲೆತ್ತುವುದನ್ನು ಸಾಧಿಸಿ ತೋರಿಸಿದ. ಅಲ್ಲಿಂದ ಸಿಸಿಲಿಯ ಪಾರಮ್ಯ ಇಳಿಯಿತು. ಆಮೇಲೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲವನ್ನು ಶುದ್ಧಿ ಮಾಡುವಾಗ ಸಿಗುವ ಗಂಧಕವೇ ಜಗತ್ತಿಗೆ ಸಾಲುವಷ್ಟಾಯಿತು. ಗಣಿಗಳು ಒಂದೊಂದಾಗಿ ಮುಚ್ಚಿದವು.

ಸಂಗ್ರಾಹಕರಿಗೆ ಇದರ ಅರ್ಥ ಸರಳ: ಸಿಸಿಲಿಯ ಕೊಜ್ಜೊ ಡಿಸಿ, ರಕಾಲ್ಮುಟೊ, ಚಿಯಾಂಚಿಯಾನಾ ಎಂಬ ಹೆಸರಿರುವ ಲೇಬಲ್‌ಗಳ ಮಾದರಿಗಳು ಹಳೆಯ ಸಂಗ್ರಹಗಳಿಂದ ಕೈ ಬದಲಾಗಿ ಬರುತ್ತವೆಯೇ ಹೊರತು ಹೊಸದಾಗಿ ನೆಲದಿಂದ ಬರುವುದಿಲ್ಲ. ಉತ್ತರ ಇಟಲಿಯ ಪೆರ್ಟಿಕಾರಾ ಗಣಿಯೂ 1964ರಲ್ಲಿ ಮುಚ್ಚಿತು. ಪೋಲೆಂಡ್‌ನ ಟಾರ್ನೊಬ್ಜೆಗ್ ಬಳಿ 1953ರಲ್ಲಿ ಪತ್ತೆಯಾದ ನಿಕ್ಷೇಪದ ಮಾಖುಫ್ ತೆರೆದ ಗಣಿ ಈಗ ಜನ ಈಜಾಡುವ ಕೆರೆಯಾಗಿದೆ.

ಎರಡು, ಜ್ವಾಲಾಮುಖಿಯ ದಾರಿ. ಅಗ್ನಿಪರ್ವತಗಳ ಬಿರುಕುಗಳಿಂದ ಹೊರಡುವ ಬಿಸಿ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಸಲ್ಫರ್ ಡೈಆಕ್ಸೈಡ್ ಎರಡೂ ಇರುತ್ತವೆ. ಅವು ಒಂದಕ್ಕೊಂದು ಪ್ರತಿಕ್ರಿಯಿಸಿ ಗಂಧಕ ಮತ್ತು ನೀರಾವಿ ಹುಟ್ಟುತ್ತವೆ. ಬಾಯಿಯ ಸುತ್ತ ಗಂಧಕ ಬೇಗಬೇಗ ಕೂರುವುದರಿಂದ ಸಾಮಾನ್ಯವಾಗಿ ಸೂಜಿಗಳು, ಗರಿಗಳು, ತೆಳು ಹೆಪ್ಪುಗಳು ಸಿಗುತ್ತವೆ. ಇಟಲಿಯ ವುಲ್ಕಾನೊ ದ್ವೀಪದ್ದು ಹೀಗೆ. ಇದಕ್ಕೆ ದೊಡ್ಡ ಅಪವಾದ ಬೊಲಿವಿಯಾದ ಪೊಟೊಸಿ ಪ್ರಾಂತ್ಯದ ಎಲ್ ಡೆಸಿಯರ್ಟೊ ಗಣಿ. ಅಲ್ಲಿಯ ಹರಳುಗಳು ದಪ್ಪ, ಹೊಳಪು, ಕಣ್ಣು ಕುಕ್ಕುವ ಹಳದಿ.

ನನ್ನ ಸಲಹೆ: ಮೊದಲ ಮಾದರಿ ಬೊಲಿವಿಯಾದ್ದಾಗಿರಲಿ. ಮಾರುಕಟ್ಟೆಯಲ್ಲಿ ಸಿಗುತ್ತದೆ, ಬೆಲೆ ಸಿಸಿಲಿಯ ಹಳೆಯ ಮಾದರಿಗಳಷ್ಟಿಲ್ಲ, ಒಡೆದರೂ ಎದೆ ಒಡೆಯುವುದಿಲ್ಲ. ಗಂಧಕದ ಜೊತೆ ಒಂದು ಬೇಸಿಗೆ ಕಳೆದು ಪಳಗಿದ ಮೇಲೆ ಸಿಸಿಲಿಯ ಕಡೆ ನೋಡಿ.

ನಮ್ಮ ನೆಲದ್ದು ಸಿಗುತ್ತದಾ ಎಂದು ಕೇಳುವವರಿಗೆ: ಭಾರತದಲ್ಲಿ ಲಡಾಖ್‌ನ ಪುಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳ ಬಳಿ ಗಂಧಕ ಇದೆ, ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯಲ್ಲೂ ಇದೆ. ಬ್ಯಾರನ್ ದ್ವೀಪಕ್ಕೆ ಹೋಗುವ ಪ್ರವಾಸಿಗರು ದೋಣಿಯಿಂದ ನೋಡಿ ಬರುವುದಷ್ಟೆ, ಇಳಿದು ಕಲ್ಲು ಹೆಕ್ಕುವಂತಿಲ್ಲ. ಆ ಹೆಸರಿನ ಮಾದರಿ ಯಾರಾದರೂ ಮಾರಲು ಬಂದರೆ ಹೇಗೆ ಸಿಕ್ಕಿತೆಂದು ಕೇಳಿ. ಕರ್ನಾಟಕದಲ್ಲಿ ಗಂಧಕ ಲೋಹಗಳ ಜೊತೆ ಕೂಡಿಕೊಂಡು ಪೈರೈಟ್‌ನಂಥ ಅದುರುಗಳಾಗಿ ಇದೆ, ಚಿತ್ರದುರ್ಗದ ಇಂಗಳದಾಳು ಅದಕ್ಕೆ ಪ್ರಸಿದ್ಧ. ಷೋಕೇಸಿನಲ್ಲಿಡುವ ಹಳದಿ ಹರಳು ಇಲ್ಲಿಯದಲ್ಲ.

ಹಂತ 2: ಕೊಳ್ಳುವ ಮುನ್ನ ಕೇಳಬೇಕಾದ್ದು, ನೋಡಬೇಕಾದ್ದು

ಆನ್‌ಲೈನ್‌ನಲ್ಲಿ 'ರಾ ಸಲ್ಫರ್', 'ಹೀಲಿಂಗ್ ಕ್ರಿಸ್ಟಲ್' ಎಂಬ ಹೆಸರಲ್ಲಿ ಬರುವ ಬಹಳಷ್ಟು ಸರಕು ಖನಿಜವೇ ಅಲ್ಲ. ಖನಿಜ ಎಂದರೆ ಪ್ರಕೃತಿಯಲ್ಲಿ ತಾನಾಗಿ ಉಂಟಾದದ್ದು. ಮಂಗಳೂರಿನ ಎಂಆರ್‌ಪಿಎಲ್ ಸೇರಿ ಎಲ್ಲ ದೊಡ್ಡ ತೈಲ ಶುದ್ಧೀಕರಣ ಘಟಕಗಳಿಂದಲೂ ಗಂಧಕ ಹೊರಬರುತ್ತದೆ. ದ್ರಾಕ್ಷಿ ತೋಟದ ಬೂದಿರೋಗಕ್ಕೆ ಬಳಸುವ ಪುಡಿ, ಗ್ರಂದಿಗೆ ಅಂಗಡಿಯ ಹಳದಿ ಗಟ್ಟಿ ಇಂಥ ಕಾರ್ಖಾನೆಯ ಸರಕೇ. ಅದನ್ನು ಕರಗಿಸಿ, ಒಡೆದು, ಕಲ್ಲಿನಂತೆ ಮಾರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ: ಒಳಗೆ ಗಾಳಿಗುಳ್ಳೆಗಳ ತೂತು, ಒಂದು ಬದಿ ಅಚ್ಚಿನ ನುಣುಪು, ಮುರಿದ ಕಡೆ ಒತ್ತೊತ್ತಾದ ಸೂಜಿಗಳ ಸಾಲು.

ಆ ಸೂಜಿಗಳ ಹಿಂದೆ ಒಂದು ಕಾರಣವಿದೆ. ಕರಗಿದ ಗಂಧಕ ಹೆಪ್ಪುಗಟ್ಟುವಾಗ ಮೊದಲು ಬೀಟಾ ಎಂಬ ಇನ್ನೊಂದು ರಚನೆಯಲ್ಲಿ, ಉದ್ದುದ್ದ ಸೂಜಿಗಳಾಗಿ ಬೆಳೆಯುತ್ತದೆ. ಸುಮಾರು 95 ಡಿಗ್ರಿಗಿಂತ ಕೆಳಗೆ ಆ ರಚನೆ ನಿಲ್ಲುವುದಿಲ್ಲ. ನಿಧಾನವಾಗಿ ಆಲ್ಫಾ ರಚನೆಗೆ ತಿರುಗುತ್ತ ಸೂಜಿಗಳು ಮಸುಕಾಗಿ, ಪುಡಿಪುಡಿಯಾಗುತ್ತವೆ. ನಾವು ಬಯಸುವ ನೈಸರ್ಗಿಕ ಹರಳು ಹುಟ್ಟಿನಿಂದಲೇ ಆಲ್ಫಾ. ಎರಡು ಪಿರಮಿಡ್‌ಗಳನ್ನು ತಳಕ್ಕೆ ತಳ ಅಂಟಿಸಿದಂಥ ಆಕಾರ, ಹಲವು ಸಲ ತುದಿ ಕತ್ತರಿಸಿದಂತೆ ಚಪ್ಪಟೆ. ಮಾರುವವರು 'ಪಾರದರ್ಶಕ ಸೂಜಿ' ಎಂದು ಅಚ್ಚುಕಟ್ಟಾದ ಹೊಸ ಗೊಂಚಲು ತೋರಿಸಿದರೆ ಎಚ್ಚರ.

ಇಂಡೋನೇಷ್ಯಾದ ಕವಾ ಇಜೆನ್‌ನಲ್ಲಿ ಗಣಿಗಾರರು ಜ್ವಾಲಾಮುಖಿಯ ಅನಿಲವನ್ನು ಕೊಳವೆಗಳಲ್ಲಿ ಹಾಯಿಸಿ, ತಣಿದು ಗಟ್ಟಿಯಾದ ಗಂಧಕವನ್ನು ಒಡೆದು 70 ಕಿಲೋಗೂ ಮೀರಿದ ಹೊರೆಗಳನ್ನು ಹೆಗಲ ಮೇಲೆ ತರುತ್ತಾರೆ. ಅಲ್ಲಿ ಪ್ರವಾಸಿಗರಿಗೆ ಮಾರುವ ಆಮೆ, ಹೂವಿನ ಗೊಂಬೆಗಳು ಅಚ್ಚಿಗೆ ಸುರಿದವು. ನೆನಪಿಗೆ ತಂದಿಟ್ಟುಕೊಳ್ಳಿ, ಆದರೆ ಖನಿಜ ಮಾದರಿಯ ಸಾಲಿನಲ್ಲಿ ಇಡಬೇಡಿ.

ಹರಳಿನ ಕೆಳಗಿರುವ ಕಲ್ಲನ್ನು ಸಂಗ್ರಾಹಕರು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಗಂಧಕದ ವಿಷಯದಲ್ಲಿ ಮ್ಯಾಟ್ರಿಕ್ಸೇ ಸಾಕ್ಷಿ. ಲೇಬಲ್‌ನಲ್ಲಿ ಸಿಸಿಲಿ ಎಂದಿದ್ದರೆ ಕೆಳಗೆ ಸುಣ್ಣಕಲ್ಲು ಇರಬೇಕು. ಪಕ್ಕದಲ್ಲಿ ಬಿಳಿ ಅಥವಾ ಬಣ್ಣವಿಲ್ಲದ ಕಡ್ಡಿಯಂಥ ಸೆಲೆಸ್ಟೈನ್, ಕ್ಯಾಲ್ಸೈಟ್, ಅರಗೊನೈಟ್, ಜಿಪ್ಸಮ್ ಇವುಗಳಲ್ಲಿ ಯಾವುದಾದರೂ ಇದ್ದರೆ ಇನ್ನೂ ಒಳ್ಳೆಯದು, ನೋಡಲೂ ಚೆಂದ. ಸಿಸಿಲಿ ಎಂದು ಹೇಳಿ ಕೆಳಗೆ ಬೂದಿಬಣ್ಣದ ಜ್ವಾಲಾಮುಖಿ ಶಿಲೆ ಇದ್ದರೆ ಯಾರೋ ಲೇಬಲ್ ಬದಲಿಸಿರಬಹುದು. ಬೊಲಿವಿಯಾದ ಮಾದರಿ ಸಿಸಿಲಿಯ ಹೆಸರಿನಲ್ಲಿ ಮಾರಾಟವಾದರೆ ಬೆಲೆ ಏರುತ್ತದೆ, ಆಸೆ ಹುಟ್ಟುವುದು ಸಹಜ.

ಮಾರುವವರಿಗೆ ಈ ನಾಲ್ಕು ಪ್ರಶ್ನೆ ಹಾಕಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ: ಯಾವ ಗಣಿ? ಹಳೆಯ ಲೇಬಲ್ ಇದೆಯಾ? ಎಲ್ಲಾದರೂ ಅಂಟಿಸಲಾಗಿದೆಯಾ? ತುದಿ ಮುರಿದ ಹರಳು ಎಷ್ಟು? ಫೋಟೋ ಸಾಲದು. ಕ್ಯಾಮೆರಾಗಳು ಹಳದಿಯನ್ನು ಉಕ್ಕಿಸಿ ತೋರಿಸುತ್ತವೆ, ಒಳಬಿರುಕುಗಳು ಹೊಳಪಿನಲ್ಲಿ ಅಡಗುತ್ತವೆ. ಹಗಲು ಬೆಳಕಿನಲ್ಲಿ ಮಾದರಿಯನ್ನು ಸುತ್ತ ತಿರುಗಿಸಿದ ವಿಡಿಯೋ ಕೇಳಿ. ಕೆಲವು ಒಳಬಿರುಕು ಎಲ್ಲ ಗಂಧಕದಲ್ಲೂ ಇರುತ್ತವೆ, ಅದಕ್ಕೆ ಬೇಡ ಎನ್ನಬೇಕಿಲ್ಲ. ಮುಖ್ಯ ಹರಳಿನ ತುದಿ ಪೂರ್ತಿಯಿದೆಯಾ, ಮುಖಗಳ ಹೊಳಪು ಇದೆಯಾ, ಇವೆರಡನ್ನು ನೋಡಿ. ಗಾತ್ರದ ಆಸೆಗೆ ಬೀಳಬೇಡಿ. ಸುಮಾರು ಎರಡೂವರೆ ಸೆಂಟಿಮೀಟರ್ ಚೌಕದೊಳಗೆ ಹಿಡಿಯುವ 'ಥಂಬ್‌ನೇಲ್' ಗಾತ್ರದಲ್ಲಿ ದೋಷವಿಲ್ಲದ ಹರಳು ಸಿಗುವ ಸಾಧ್ಯತೆ ಹೆಚ್ಚು, ಶಾಖದ ಏರಿಳಿತವನ್ನೂ ಚಿಕ್ಕದೇ ಚೆನ್ನಾಗಿ ತಡೆಯುತ್ತದೆ.

ಹೊರದೇಶದಲ್ಲಿರುವವರಿಗೆ ನೇರವಾಗಿ ನೋಡಿ ಕೊಳ್ಳುವ ಅವಕಾಶವಿದೆ. ಅಮೆರಿಕದ ಟೂಸಾನ್‌ನಲ್ಲಿ ಪ್ರತಿ ವರ್ಷ ಜನವರಿ ಕೊನೆಯಿಂದ ಫೆಬ್ರವರಿವರೆಗೆ, ಜರ್ಮನಿಯ ಮ್ಯೂನಿಕ್‌ನಲ್ಲಿ ಅಕ್ಟೋಬರ್ ಹೊತ್ತಿಗೆ ದೊಡ್ಡ ಖನಿಜ ಮೇಳಗಳು ನಡೆಯುತ್ತವೆ. ಕೊಳ್ಳುವ ಮೊದಲು ಕಣ್ಣು ಪಳಗಿಸಿಕೊಳ್ಳಬೇಕಾದರೆ ಕಾಲ್ಟನಿಸೆಟ್ಟಾದ ಖನಿಜ ಮತ್ತು ಗಂಧಕ ಗಣಿಗಳ ವಸ್ತುಸಂಗ್ರಹಾಲಯಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಹಂತ 3: ಪಾರ್ಸೆಲ್ ಬಂದ ದಿನ

ತೆರೆಯಬೇಡಿ. ವಿಮಾನದ ಚಳಿಯಿಂದಲೋ ಡೆಲಿವರಿ ಗಾಡಿಯ ಬಿಸಿಯಿಂದಲೋ ಬಂದಿರುತ್ತದೆ. ಪೆಟ್ಟಿಗೆಯನ್ನು ನೆರಳಿನ ಕೋಣೆಯಲ್ಲಿ ಒಂದು ರಾತ್ರಿ ಹಾಗೇ ಬಿಡಿ. ಒಳಗಿನ ಹರಳು ಕೋಣೆಯ ತಾಪಕ್ಕೆ ಮೆಲ್ಲಗೆ ಹೊಂದಿಕೊಳ್ಳಲಿ. ಬೆಳಗ್ಗೆ ಫ್ಯಾನ್ ಆರಿಸಿ, ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಬಿಚ್ಚಿ. ಹಿಡಿಯುವುದು ಮ್ಯಾಟ್ರಿಕ್ಸನ್ನು ಮಾತ್ರ. ಮ್ಯಾಟ್ರಿಕ್ಸ್ ಇಲ್ಲದ ಬಿಡಿ ಹರಳಾದರೆ ಮಡಿಸಿದ ಟಿಶ್ಯೂ ಕಾಗದ ಅಡ್ಡ ಇಟ್ಟು, ಎರಡು ಬೆರಳಲ್ಲಿ, ಎತ್ತಿ ಇಡುವಷ್ಟೇ ಹೊತ್ತು. ಹತ್ತಿ ಸುತ್ತಿ ಕಳಿಸಿದ್ದರೆ ಎಳೆಯಬೇಡಿ. ಹತ್ತಿಯ ಎಳೆ ಹರಳಿನ ತುದಿಗೆ ಸಿಕ್ಕಿಕೊಂಡು ತುದಿಯನ್ನೇ ಕಿತ್ತು ತರುತ್ತದೆ. ಚಿಕ್ಕ ಕತ್ತರಿಯಿಂದ ಎಳೆಗಳನ್ನು ಕತ್ತರಿಸಿ ಬಿಡಿಸಿ.

ಆಮೇಲೆ ಪರೀಕ್ಷೆ. ಸುಟ್ಟು ನೋಡುವುದು, ಗೀರಿ ನೋಡುವುದು ಬೇಡ. ಮಾದರಿಗೆ ಏಟಾಗದ ಮೂರು ದಾರಿ ಇವೆ.

ಭೂತಗನ್ನಡಿ: ಕನಿಷ್ಠ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಹರಳು ಕಲ್ಲನ್ನು ಕೂಡುವ ಗೆರೆ ನೋಡಿ. ಅಂಟಿಸಿದ್ದರೆ ಅಲ್ಲಿ ಹೊಳೆಯುವ ಪದರ, ಸಿಕ್ಕಿಬಿದ್ದ ಧೂಳು ಕಾಣುತ್ತದೆ.

ಅತಿನೇರಳೆ ಟಾರ್ಚ್: 365 ನ್ಯಾನೊಮೀಟರಿನ ಎಲ್‌ಇಡಿ ಟಾರ್ಚನ್ನು ಕತ್ತಲಲ್ಲಿ ಹಿಡಿಯಿರಿ. ಗಂಧಕ ಮಿಂಚುವುದಿಲ್ಲ. ಬಹಳಷ್ಟು ಅಂಟುಗಳು ನೀಲಿ ಬಿಳುಪಾಗಿ ಹೊಳೆಯುತ್ತವೆ. ಆದರೆ ಅವಸರದಲ್ಲಿ ತೀರ್ಪು ಕೊಡಬೇಡಿ: ಸಿಸಿಲಿಯ ಅರಗೊನೈಟ್ ಕೂಡ ಈ ಬೆಳಕಿನಲ್ಲಿ ಹೊಳೆಯುತ್ತದೆ, ಟಾರ್ಚ್ ಆರಿಸಿದ ಮೇಲೂ ಕ್ಷಣಕಾಲ ಮಿನುಗು ಉಳಿಯುತ್ತದೆ. ಅದು ದೋಷವಲ್ಲ, ಊರಿನ ಗುರುತು.

ಸಾಂದ್ರತೆ: ಬಿಡಿ ಹರಳಿಗೆ ಮಾತ್ರ. ಆಭರಣ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಹರಳಿನ ತೂಕ ಬರೆದುಕೊಳ್ಳಿ. ಕೋಣೆಯಲ್ಲೇ ಹಿಂದಿನ ದಿನದಿಂದ ಇಟ್ಟಿದ್ದ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹರಳನ್ನು ದಾರದಲ್ಲಿ ಕಟ್ಟಿ, ಲೋಟದ ತಳ, ಗೋಡೆ ತಾಗದಂತೆ ನೀರಲ್ಲಿ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಹರಳಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ. 41.4 ಗ್ರಾಂ ಹರಳಿಗೆ 20 ಬಂದರೆ ಸಾಂದ್ರತೆ 2.07, ಗಂಧಕ ಸರಿ. ಹಳದಿ ಫ್ಲೋರೈಟ್ ಆಗಿದ್ದರೆ 3.2ರ ಹತ್ತಿರ, ಕ್ಯಾಲ್ಸೈಟ್ 2.7, ಬಣ್ಣ ಹಾಕಿದ ಪಟಿಕ 1.75. ಪಟಿಕದ ಹರಳೂ ಎಂಟು ಮುಖದ್ದಾದ್ದರಿಂದ ಕಣ್ಣಿಗೆ ಮೋಸ ಮಾಡೀತು. ಆದರೆ ಅದು ನೀರಲ್ಲಿ ಕರಗುತ್ತದೆ, ಗಂಧಕ ಕರಗುವುದಿಲ್ಲ.

ವಾಸನೆಯನ್ನು ಪರೀಕ್ಷೆ ಎಂದು ನಂಬಬೇಡಿ. ಶುದ್ಧ ಗಂಧಕಕ್ಕೆ ವಾಸನೆ ತೀರ ಕಡಿಮೆ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು, ಕಡ್ಡಿ ಗೀರಿದಾಗಿನ ಘಾಟು ಸಲ್ಫರ್ ಡೈಆಕ್ಸೈಡಿನದು.

ಹಂತ 4: ಸ್ವಚ್ಛ ಮಾಡಲೇಬೇಕಾದರೆ

ಬಹಳ ಸಲ ಬೇಕಿಲ್ಲ. ಗಂಧಕವನ್ನು ಉಜ್ಜಿದರೆ ಸ್ಥಿರವಿದ್ಯುತ್ತು ಹುಟ್ಟಿ ಇನ್ನಷ್ಟು ಧೂಳು ಎಳೆಯುತ್ತದೆ, ಹಾಗಾಗಿ ಒಣಬಟ್ಟೆಯಿಂದ ಒರೆಸುವುದು ಎರಡು ವಿಧದಲ್ಲೂ ತಪ್ಪು. ಕ್ಯಾಮೆರಾ ಮಸೂರಕ್ಕೆ ಬಳಸುವ ರಬ್ಬರ್ ಬಲ್ಬಿನಿಂದ ಗಾಳಿ ಊದಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬೇಡ, ಅದು ಹೊರಬರುವಾಗ ಹಿಮದಂತೆ ತಣ್ಣಗಿರುತ್ತದೆ. ಕೂದಲು ಒಣಗಿಸುವ ಡ್ರೈಯರ್ ಬೇಡ, ಕಾರಣ ಹೇಳಬೇಕಿಲ್ಲ.

ಮಣ್ಣು ಅಂಟಿದ್ದರೆ ಕೋಣೆಯ ತಾಪದ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಚಿತ್ರಕಲೆಯ ಕುಂಚ. ನಲ್ಲಿಯ ಕೆಳಗೆ ಹಿಡಿಯಬೇಡಿ, ಸಂಪಿನ ನೀರು ಕೋಣೆಗಿಂತ ತಣ್ಣಗಿರುತ್ತದೆ, ಟ್ಯಾಂಕಿನದ್ದು ಬಿಸಿ. ಜೊತೆಗೆ ಜಿಪ್ಸಮ್ ಇದ್ದರೆ ನೆನೆಸಿಡಬೇಡಿ, ಅದು ನೀರಲ್ಲಿ ಅಲ್ಪಸ್ವಲ್ಪ ಕರಗುತ್ತದೆ. ಥಿನ್ನರ್, ಅಸಿಟೋನ್, ಸೀಮೆಎಣ್ಣೆ ಹತ್ತಿರ ಸುಳಿಯದಿರಲಿ, ಇಂಥ ದ್ರಾವಕಗಳು ಗಂಧಕವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಮುಖಗಳ ಹೊಳಪು ತೆಗೆಯುತ್ತವೆ. ಅಲ್ಟ್ರಾಸಾನಿಕ್ ಯಂತ್ರವಂತೂ ಕೊಲೆಗೆ ಸಮ. ತೊಳೆದ ಮೇಲೆ ನೆರಳಲ್ಲಿ, ಟಿಶ್ಯೂ ಮೇಲೆ, ತಾನಾಗಿ ಒಣಗಲಿ.

ಹಂತ 5: ಎಲ್ಲಿಡಬೇಕು, ಹೇಗೆ ಕೂರಿಸಬೇಕು

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇಡಬಹುದಾ ಎಂದು ಕೇಳುತ್ತಾರೆ. ಇಡಬಹುದು. 42 ಡಿಗ್ರಿ ಗಂಧಕಕ್ಕೆ ತೊಂದರೆಯಲ್ಲ, ತಾಪ ದಿಢೀರನೆ ಏರಿಳಿಯುವುದು ತೊಂದರೆ. ಮಧ್ಯಾಹ್ನ ಏಸಿಯ ಗಾಳಿ ನೇರ ಬಡಿಯುವ ಕಡೆ, ಪಶ್ಚಿಮದ ಕಿಟಕಿಯ ಬಿಸಿಲು ಅರ್ಧ ಗಂಟೆ ಬಂದು ಹೋಗುವ ಕಡೆ, ಟಿವಿ ಅಥವಾ ಸೆಟ್‌ಟಾಪ್ ಪೆಟ್ಟಿಗೆಯ ಮೇಲೆ ಇಡಬೇಡಿ. ಒಳಗೋಡೆಗೆ ತಾಗಿದ ಮರದ ಕಪಾಟು ಒಳ್ಳೆಯ ಜಾಗ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬಿಡಬೇಡಿ.

ದೀಪ ಎಲ್‌ಇಡಿಯೇ ಆಗಿರಲಿ, ಅದೂ ಗಾಜಿನ ಪೆಟ್ಟಿಗೆಯ ಹೊರಗೆ. ಹಳೆಯ ಷೋಕೇಸ್‌ಗಳಲ್ಲಿ ಹ್ಯಾಲೋಜನ್ ಬಲ್ಬು ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ಹರಳಿನ ಹಿಂದಿನಿಂದ ಓರೆಯಾಗಿ ಬೆಳಕು ಬಿದ್ದರೆ ಗಂಧಕ ಒಳಗಿನಿಂದಲೇ ಉರಿಯುವಂತೆ ಕಾಣುತ್ತದೆ. ಮುಂದಿನಿಂದ ಬಿದ್ದರೆ ಬರೀ ಹಳದಿ ಕಲ್ಲು.

ಕೂರಿಸುವಾಗ ಜನ ಮಾಡುವ ಅತಿ ದೊಡ್ಡ ತಪ್ಪು ಬಿಸಿ ಅಂಟಿನ ಗನ್ ಬಳಸುವುದು. ಮ್ಯಾಟ್ರಿಕ್ಸ್ ತೆಳ್ಳಗಿದ್ದರೆ ಆ ಬಿಸಿ ನೇರ ಹರಳಿಗೆ ಹೋಗುತ್ತದೆ. ಖನಿಜ ಸಂಗ್ರಾಹಕರ ಪುಟ್ಟಿ (ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆಯ ಪುಟ್ಟಿಯೂ ಆದೀತು) ಮ್ಯಾಟ್ರಿಕ್ಸಿಗೆ ಮಾತ್ರ ಹಚ್ಚಿ, ಕೈಯಲ್ಲಿ ನಾದಿದ್ದು ಆರಿದ ಮೇಲೆ. ಇನ್ನೂ ಒಳ್ಳೆಯದು, ಫೋಮ್ ತುಂಡಿನಲ್ಲಿ ಕಲ್ಲಿನ ಆಕಾರಕ್ಕೆ ಗುಳಿ ಕೊರೆದು ಕೂರಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ಮುಚ್ಚುವುದು. ಅತಿಥಿಗಳು ಕೇಳಿದಾಗ ಪೆಟ್ಟಿಗೆ ಸಮೇತ ಕೊಡಬಹುದು, ಹರಳಿಗೆ ಬೆರಳು ತಾಗುವುದಿಲ್ಲ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಒದ್ದೆ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದರೆ ಗಂಧಕದ ಮೇಲ್ಮೈಯಲ್ಲಿ, ಕೆಲವು ಬ್ಯಾಕ್ಟೀರಿಯಾಗಳ ಸಹಾಯದಿಂದಲೂ, ಅತ್ಯಲ್ಪ ಸಲ್ಫ್ಯೂರಿಕ್ ಆಮ್ಲ ಉಂಟಾಗಬಹುದು. ಅದು ಸುಣ್ಣಕಲ್ಲಿನ ಮ್ಯಾಟ್ರಿಕ್ಸನ್ನು ತಿನ್ನುತ್ತದೆ, ಕೆಳಗಿಟ್ಟ ಕಾಗದದ ಲೇಬಲ್ಲನ್ನು ಕಂದಾಗಿಸಿ ಪುಡಿ ಮಾಡುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದಾಗ ಬದಲಿಸಿ.

ಹಂತ 6: ನೆರೆಹೊರೆ

ಗಂಧಕದ ಪಕ್ಕ ಬೆಳ್ಳಿ ಇಡಬೇಡಿ. ಕೋಣೆಯ ತಾಪದಲ್ಲೂ ಗಂಧಕ ಅತ್ಯಲ್ಪ ಪ್ರಮಾಣದಲ್ಲಿ ಆವಿಯಾಗುತ್ತಿರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅಷ್ಟು ಸಾಕು, ಬೆಳ್ಳಿ ಕಪ್ಪಾಗುತ್ತದೆ. ಖನಿಜವಾಗಿ ಸಂಗ್ರಹಿಸಿದ ಬೆಳ್ಳಿ ಮತ್ತು ತಾಮ್ರದ ಮಾದರಿಗಳಿಗೆ ಬೇರೆ ಕಪಾಟು ಬೇಕು. ಷೋಕೇಸಿನಲ್ಲಿ ಅಜ್ಜಿಯ ಬೆಳ್ಳಿ ಕುಂಕುಮ ಭರಣಿಯ ಪಕ್ಕ ಗಂಧಕ ಇಟ್ಟರೆ ಮನೆಯಲ್ಲಿ ಜಗಳ ಖಂಡಿತ. ಮಾದರಿ ಮುಟ್ಟುವ ಮುನ್ನ ಬೆಳ್ಳಿ ಉಂಗುರ ತೆಗೆದಿಡಿ. ನಮ್ಮ ಸಂಗ್ರಾಹಕರ ಬಳಿ ಹೆಚ್ಚಾಗಿರುವ ನಾಸಿಕ, ಜಳಗಾಂವ್ ಕಡೆಯ ಜಿಯೋಲೈಟ್, ಅಪೊಫಿಲೈಟ್‌ಗಳ ಪಕ್ಕ ಇಟ್ಟರೆ ತೊಂದರೆಯಿಲ್ಲ.

ಹಂತ 7: ಬೆಂಕಿ ಮತ್ತು ಆರೋಗ್ಯ

ಷೋಕೇಸಿನಲ್ಲಿ ಕೂತ ಹರಳು ತಾನಾಗಿ ಹತ್ತಿಕೊಳ್ಳುವುದಿಲ್ಲ, ಅದಕ್ಕೆ ಸುಮಾರು 230 ಡಿಗ್ರಿಗೂ ಮೇಲಿನ ಶಾಖ ಬೇಕು. ಆದರೆ ಬೆಂಕಿಕಡ್ಡಿ, ಊದುಬತ್ತಿ, ಎಣ್ಣೆದೀಪದ ಜ್ವಾಲೆ ಅಥವಾ ಕೆಂಡ ತಾಗಿದರೆ ಹತ್ತುತ್ತದೆ. ಹಾಗಾಗಿ ದೇವರ ಮನೆಯ ಗೂಡು, ಅಡುಗೆಮನೆ ಎರಡೂ ಬೇಡ. ಉರಿಯುವ ಗಂಧಕದ ನೀಲಿ ಜ್ವಾಲೆ ಹಗಲಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಕರಗಿ ತೊಟ್ಟಿಕ್ಕುತ್ತ ಹರಡುತ್ತದೆ. ಬೆಂಕಿಗಿಂತ ಅದರ ಹೊಗೆ ಅಪಾಯಕಾರಿ. ಸಲ್ಫರ್ ಡೈಆಕ್ಸೈಡ್ ಉಸಿರಾಟದ ದಾರಿಯನ್ನು ಸುಡುತ್ತದೆ, ಆಸ್ತಮಾ ಇರುವವರಿಗೆ ಸ್ವಲ್ಪವೇ ಸಾಕು. ಚಿಕ್ಕ ತುಂಡಿಗೆ ಹತ್ತಿದ್ದರೆ ಒಣ ಮರಳು ಸುರಿದು ಮುಚ್ಚಿ. ಹೊಗೆ ತುಂಬಿದ್ದರೆ ಮಾದರಿಯ ಆಸೆ ಬಿಟ್ಟು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಪಟಾಕಿ, ಬ್ಲೀಚಿಂಗ್ ಪೌಡರ್, ಪೊಟ್ಯಾಸಿಯಂ ಪರ್ಮಾಂಗನೇಟ್ ಇಟ್ಟ ಕಪಾಟಿನಲ್ಲಿ ಗಂಧಕ ಇರಕೂಡದು. ಕರಗಿಸಿ ಮನೆಯಲ್ಲೇ ಹರಳು ಬೆಳೆಸುವ ವಿಡಿಯೋಗಳನ್ನು ನೋಡಿ ಬಿಟ್ಟುಬಿಡಿ. ಕಾರ್ಬನ್ ಡೈಸಲ್ಫೈಡ್ ದ್ರಾವಣದಿಂದ ಬೆಳೆಸುವ ವಿಧಾನವಂತೂ ವಿಷವೂ ಹೌದು, ಕ್ಷಣದಲ್ಲಿ ಹತ್ತಿಕೊಳ್ಳುವುದೂ ಹೌದು.

ಮುಟ್ಟುವುದರಿಂದ ಗಂಧಕ ವಿಷವಲ್ಲ. ಆದರೂ ಮುಟ್ಟಿದ ಮೇಲೆ ಕೈ ತೊಳೆಯಿರಿ. ಜ್ವಾಲಾಮುಖಿಯ ಗಂಧಕದ ಮೇಲೆ ಕಾಣುವ ಕೆಂಪು, ಕಿತ್ತಳೆ ಪದರದಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಇದೆ. ಆಯುರ್ವೇದದಲ್ಲಿ ಗಂಧಕ ಬಳಸುತ್ತಾರಲ್ಲ, ಇದರಿಂದ ಸ್ವಲ್ಪ ತೆಗೆಯಬಹುದಾ ಎಂದು ಕೇಳಿದವರಿದ್ದಾರೆ. ಖಂಡಿತ ಬೇಡ.

ಹಂತ 8: ಸಾಗಿಸುವುದು, ದಾಖಲಿಸುವುದು

ಅಂತರರಾಷ್ಟ್ರೀಯ ಸಾಗಣೆ ನಿಯಮಗಳಲ್ಲಿ ಗಂಧಕ ಸುಡುವ ಘನವಸ್ತು, ವರ್ಗ 4.1, ಸಂಖ್ಯೆ ಯುಎನ್ 1350. ವಿದೇಶದಿಂದ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದರಾಯಿತು ಎಂದುಕೊಳ್ಳುವವರು ಇದನ್ನು ಮರೆಯುತ್ತಾರೆ. ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ, ಆಗದು ಎಂದರೆ ಬಿಡಿ. ಕೊರಿಯರ್‌ನವರಿಗೂ ಒಳಗಿರುವುದು ಏನೆಂದು ಮುಚ್ಚಿಡದೆ ಹೇಳಿ.

ಪ್ಯಾಕ್ ಮಾಡುವಾಗ ಹರಳಿಗೆ ಏನೂ ಒತ್ತಬಾರದು. ಮ್ಯಾಟ್ರಿಕ್ಸನ್ನು ಫೋಮಿಗೆ ಕೂರಿಸಿ ಗಟ್ಟಿ ಡಬ್ಬಿಯ ತಳಕ್ಕೆ ಭದ್ರಪಡಿಸಿ, ಹರಳಿನ ಸುತ್ತ ಬರೀ ಗಾಳಿ ಬಿಡಿ. ಆ ಡಬ್ಬಿಯನ್ನು ಎರಡು ಪಟ್ಟು ದೊಡ್ಡ ಪೆಟ್ಟಿಗೆಯಲ್ಲಿ, ಎಲ್ಲ ಬದಿಗೂ ಮೆತ್ತೆ ತುಂಬಿ ಇಡಿ. ಮೆತ್ತೆ ದಪ್ಪವಿದ್ದಷ್ಟೂ ದಾರಿಯ ಬಿಸಿಲು ಒಳಗೆ ತಲುಪಲು ತಡವಾಗುತ್ತದೆ. ಕಳಿಸುವುದಾದರೆ ಏಪ್ರಿಲ್, ಮೇ ಬಿಟ್ಟು ಕಳಿಸಿ.

ಲೇಬಲ್‌ನಲ್ಲಿ ಖನಿಜದ ಹೆಸರು, ಜೊತೆಗಿರುವ ಖನಿಜಗಳು, ಗಣಿಯಿಂದ ಹಿಡಿದು ದೇಶದವರೆಗೆ ಊರು, ಯಾರಿಂದ ಕೊಂಡದ್ದು, ಯಾವಾಗ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಹಳೆಯ ಲೇಬಲ್ ಇದ್ದರೆ ಅದರ ಮೇಲೆ ಏನೂ ಬರೆಯದೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಂಧಕದಿಂದ ದೂರ ಇಡಿ. ಮಾದರಿಯ ಸಂಖ್ಯೆಯನ್ನು ಹರಳಿಗೆ ಅಂಟಿಸಬೇಡಿ, ಮ್ಯಾಟ್ರಿಕ್ಸಿನ ತಳದಲ್ಲಿ ಪುಟ್ಟ ಬಿಳಿ ಬಣ್ಣದ ಚುಕ್ಕೆ ಇಟ್ಟು ಅದರ ಮೇಲೆ ಬರೆಯಿರಿ. ಲೇಬಲ್ ಮತ್ತು ಮಾದರಿ ಎರಡರ ಫೋಟೋವನ್ನೂ ಅದೇ ಸಂಖ್ಯೆಯ ಹೆಸರಿನಲ್ಲಿ ಉಳಿಸಿಡಿ. ವರ್ಷಕ್ಕೊಮ್ಮೆ ಅದೇ ಕೋನದಿಂದ, ಅದೇ ಬೆಳಕಿನಲ್ಲಿ ಮತ್ತೆ ಫೋಟೋ ತೆಗೆದು ಹೋಲಿಸಿ: ಹೊಸ ಬಿರುಕು ಕಂಡರೆ ಕಪಾಟಿನ ಜಾಗ ಬದಲಿಸಬೇಕು.